ಎನರ್ಜಿ ಆಡಿಟರ್ ಪರೀಕ್ಷೆ: ಬಗಾಸ್ ಬಾಯ್ಲರ್ ಲೆಕ್ಕ ತಾಳೆ ಆಗ್ತಿಲ್ಲ, ನಾಲ್ಕೂ ಪೇಪರಿಗೆ ತಯಾರಿ ಹೇಗೆ?

ಕೋಜೆನ್_ಮಂಡ್ಯ

ಎಲ್ಲರಿಗೂ ನಮಸ್ಕಾರ. ಮಂಡ್ಯ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಕೋಜೆನ್ (ಹಬೆ ಮತ್ತು ವಿದ್ಯುತ್ ಎರಡನ್ನೂ ಒಟ್ಟಿಗೆ ತಯಾರಿಸೋ) ಪ್ಲಾಂಟಿನಲ್ಲಿ ಶಿಫ್ಟ್ ಎಂಜಿನಿಯರ್, ಓದಿದ್ದು ಮೆಕ್ಯಾನಿಕಲ್. ಬಿಇಇ (ಬ್ಯೂರೋ ಆಫ್ ಎನರ್ಜಿ ಎಫಿಶಿಯನ್ಸಿ) ಎನರ್ಜಿ ಆಡಿಟರ್ ಪರೀಕ್ಷೆಯ ನಾಲ್ಕೂ ಪೇಪರ್ ಒಟ್ಟಿಗೆ ಕಟ್ಟಬೇಕು ಅಂತಿದ್ದೀನಿ. ಕೈಯಲ್ಲಿರೋದು ನಾಲ್ಕು ತಿಂಗಳು.

ಮೊದಲನೇದು, ಬಗಾಸ್ (ಕಬ್ಬು ಅರೆದ ಮೇಲೆ ಉಳಿಯೋ ಸಿಪ್ಪೆ) ಬಾಯ್ಲರಿನ ಇನ್‌ಡೈರೆಕ್ಟ್ ಮೆಥಡ್ ಲೆಕ್ಕ, ಅಂದರೆ ನಷ್ಟಗಳನ್ನೆಲ್ಲ ನೂರರಿಂದ ಕಳೆದು ದಕ್ಷತೆ ಹಿಡಿಯೋದು. ಕೊಟ್ಟಿರೋದು ಹೀಗೆ: ತೇವಾಂಶ ಶೇ 50, ಕಾರ್ಬನ್ 23.5, ಹೈಡ್ರೋಜನ್ 3.25, ಆಕ್ಸಿಜನ್ 21.75, ಬೂದಿ 1.5. ಜಿಸಿವಿ (ಇಂಧನ ಉರಿದಾಗ ಸಿಗೋ ಒಟ್ಟು ಶಾಖ) ಕೆ.ಜಿ.ಗೆ 2270 ಕಿಲೋಕ್ಯಾಲರಿ. ಫ್ಲೂ ಗ್ಯಾಸ್ (ಚಿಮಣಿಗೆ ಹೋಗೋ ಹೊಗೆ) 160 ಡಿಗ್ರಿ, ಹೊರಗಿನ ಗಾಳಿ 30 ಡಿಗ್ರಿ, ಫ್ಲೂ ಗ್ಯಾಸಿನಲ್ಲಿ ಆಕ್ಸಿಜನ್ ಶೇ 6. ನನಗೆ ಥಿಯರೆಟಿಕಲ್ ಏರ್ (ಉರಿಯೋಕೆ ಬೇಕಾದಷ್ಟೇ ಗಾಳಿ, ಕೆ.ಜಿ. ಇಂಧನಕ್ಕೆ) 2.91 ಕೆ.ಜಿ., ಎಕ್ಸೆಸ್ ಏರ್ (ಅದಕ್ಕಿಂತ ಹೆಚ್ಚಿನದು) ಶೇ 40, ಆಕ್ಚುವಲ್ ಏರ್ 4.075 ಬಂತು. ಇಲ್ಲಿವರೆಗೆ ಉತ್ತರದ ಜೊತೆ ಸರಿ ಹೊಂದುತ್ತೆ. ಒಣ ಫ್ಲೂ ಗ್ಯಾಸ್ ನಷ್ಟ ಮಾತ್ರ ನನಗೆ ಶೇ 6.68 ಬರುತ್ತೆ, ಉತ್ತರದಲ್ಲಿ ಶೇ 5.62 ಇದೆ. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಎಲ್ಲಿ ತಪ್ಪುತ್ತಿದೆ?

ಎರಡನೇದು, ಎಲೆಕ್ಟ್ರಿಕಲ್ ಪೇಪರ್. ಮೆಕ್ಯಾನಿಕಲ್‌ನವರು ಅದರಲ್ಲಿ ಎಲ್ಲಿ ಮುಗ್ಗರಿಸ್ತಾರೆ?

ಮೂರನೇದು, ಪೇಪರ್ 4 ಪುಸ್ತಕ ತೆರೆದಿಟ್ಟು ಬರೆಯೋದಲ್ವಾ, ಅದಕ್ಕೆ ಬೇರೆ ತಯಾರಿ ಬೇಕಾ?

ಪಾಂಡವಪುರ_ಬಾಯ್ಲರ್‌ಮನೆ

ನಿಮ್ಮ ತಪ್ಪು ಒಂದೇ ಕಡೆ ಇದೆ. ಫ್ಲೂ ಗ್ಯಾಸ್ ತೂಕಕ್ಕೆ ನೀವು "ಆಕ್ಚುವಲ್ ಏರ್ ಪ್ಲಸ್ 1" ಹಾಕಿದ್ದೀರಿ, ಅಂದರೆ 5.075. ಅದನ್ನು 0.23ರಿಂದಲೂ (ಗ್ಯಾಸಿನ ಸ್ಪೆಸಿಫಿಕ್ ಹೀಟ್) 130ರಿಂದಲೂ (160 ಕಳೆ 30) ಗುಣಿಸಿ 2270ಕ್ಕೆ ಭಾಗಿಸಿದರೆ ಸರಿಯಾಗಿ ನಿಮ್ಮ 6.68 ಬರುತ್ತೆ.

ಆ ಸುಲಭ ಸೂತ್ರ ಫರ್ನೇಸ್ ಆಯಿಲಿಗೆ, ಒಣ ಕಲ್ಲಿದ್ದಲಿಗೆ ಹೇಗೋ ನಡೆಯುತ್ತೆ. ಬಗಾಸಿಗೆ ನಡೆಯಲ್ಲ. ಯಾಕೆ ಅಂದರೆ ಆ "1" ಇದೆಯಲ್ಲ, ಅದು ಒಂದು ಕೆ.ಜಿ. ಇಂಧನ. ಅದರಲ್ಲಿ ಅರ್ಧ ಕೆ.ಜಿ. ಬರೀ ನೀರು. ಜೊತೆಗೆ ಹೈಡ್ರೋಜನ್ ಉರಿದು ಇನ್ನೂ 0.2925 ಕೆ.ಜಿ. ನೀರಾಗುತ್ತೆ (9 ಗುಣಿಸು 0.0325). ಬೂದಿ 0.015 ಗ್ಯಾಸೇ ಆಗಲ್ಲ. ಮೂರನ್ನೂ 5.075ರಿಂದ ಕಳೆಯಿರಿ: 4.2675. ಒಣ ಫ್ಲೂ ಗ್ಯಾಸ್ ಅಂದರೆ ಇದು.

ಕಳೆಯೋ ಲೆಕ್ಕದ ಮೇಲೆ ನಂಬಿಕೆ ಬರಬೇಕಾದರೆ ಕೂಡಿಸಿಯೂ ನೋಡಿ. ಕಾರ್ಬನ್ 0.235, ಅದನ್ನು 44/12ರಿಂದ ಗುಣಿಸಿದರೆ ಕಾರ್ಬನ್ ಡೈಆಕ್ಸೈಡ್ 0.862. ಗಾಳಿಯ ನೈಟ್ರೋಜನ್ 4.075 ಗುಣಿಸು 0.77, ಅಂದರೆ 3.138. ಉಳಿದ ಆಕ್ಸಿಜನ್ (4.075 ಕಳೆ 2.911) ಗುಣಿಸು 0.23, ಅಂದರೆ 0.268. ಒಟ್ಟು 4.268. ಎರಡು ದಾರಿಯಲ್ಲಿ ಹೋದರೂ ಒಂದೇ ಊರು ಸಿಕ್ಕಿತಲ್ಲ. ಇದನ್ನು ಸೂತ್ರಕ್ಕೆ ಹಾಕಿದರೆ ಶೇ 5.62.

ನೀವು ಹಾಗೇ ಮುಂದೆ ಹೋಗಿದ್ದರೆ ಆ ನೀರಿನ ನಷ್ಟ ಎರಡೆರಡು ಸಲ ಲೆಕ್ಕಕ್ಕೆ ಬರ್ತಿತ್ತು. ಮುಂದಿನ ಹಂತದಲ್ಲಿ ತೇವಾಂಶದ ನಷ್ಟ, ಹೈಡ್ರೋಜನ್ ನಷ್ಟ ಅಂತ ಅದೇ ನೀರನ್ನು ಮತ್ತೆ ಹಿಡಿಯಬೇಕಲ್ಲ. ಉಳಿದದ್ದನ್ನೂ ಮುಗಿಸಿಬಿಡ್ತೀನಿ, ತಾಳೆ ನೋಡಿಕೊಳ್ಳಿ:

ಆವಿಯ ಪದ (ಕೆ.ಜಿ. ನೀರು ಆವಿಯಾಗಿ ಒಯ್ಯೋ ಶಾಖ) 584 ಕೂಡಿಸು 0.45 ಗುಣಿಸು 130, ಅಂದರೆ 642.5.
ಹೈಡ್ರೋಜನ್ ನಷ್ಟ: 0.2925 ಗುಣಿಸು 642.5 ಭಾಗಿಸು 2270, ಶೇ 8.28.
ಇಂಧನದ ತೇವಾಂಶ: 0.5 ಗುಣಿಸು 642.5 ಭಾಗಿಸು 2270, ಶೇ 14.15.
ಗಾಳಿಯ ತೇವಾಂಶ, ಕೆ.ಜಿ. ಒಣಗಾಳಿಗೆ 0.018 ಅಂತ ಹಿಡಿದರೆ, ಶೇ 0.19.
ಉರಿಯದೆ ಉಳಿದದ್ದು ಮತ್ತು ರೇಡಿಯೇಶನ್ ಸೇರಿ 2.5 ಅಂತ ಪ್ರಶ್ನೆಯಲ್ಲೇ ಕೊಡ್ತಾರೆ ಅಂದುಕೊಳ್ಳಿ.

ಒಟ್ಟು ನಷ್ಟ 30.74. ದಕ್ಷತೆ ಶೇ 69.26.

ತೇವಾಂಶ ಒಂದೇ 14 ಪಾಲು ನುಂಗಿತು ನೋಡಿ. ನಮ್ಮ ಕಡೆ ಆಲೆಮನೆಯವರು ರಚ್ಚನ್ನು (ಬಗಾಸನ್ನೇ) ಬಿಸಿಲಲ್ಲಿ ಹರಡಿ ಒಣಗಿಸಿಯೇ ಗುಳಿಗೆ ತುಂಬೋದು ಇದೇ ಕಾರಣಕ್ಕೆ. ಹಸಿ ರಚ್ಚು ತುಂಬಿದರೆ ಕೊಪ್ಪರಿಗೆಯ ಕಬ್ಬಿನ ಹಾಲು ಕುದಿಯೋ ಬದಲು ಒಲೆಯೊಳಗಿನ ನೀರೇ ಕುದೀತಾ ಕೂರುತ್ತೆ. ಪರೀಕ್ಷೆಯಲ್ಲಿ "ಬಗಾಸ್ ತೇವಾಂಶ 50ರಿಂದ 46ಕ್ಕೆ ಇಳಿದರೆ" ಅನ್ನೋ ಥರದ ಪ್ರಶ್ನೆ ಬಂದರೆ ಬರೀ ತೇವಾಂಶದ ಸಾಲು ತಿದ್ದಿ ಬಿಡಬೇಡಿ. ನೀರು ಕಡಿಮೆಯಾದ ಹಾಗೆ ಕೆ.ಜಿ.ಯೊಂದರಲ್ಲಿ ಕಾರ್ಬನ್, ಹೈಡ್ರೋಜನ್, ಆಕ್ಸಿಜನ್, ಬೂದಿ ಪಾಲೂ ಜಿಸಿವಿಯೂ ಏರುತ್ತವೆ. ಐದೂ ಅಂಕಿಯನ್ನು 54/50ರಿಂದ ಗುಣಿಸಿಕೊಂಡು ಮೊದಲಿಂದ ಮಾಡಬೇಕು.

ಇನ್ನೊಂದು ಮಾತು. ಸಪ್ಲೈಯರ್ ಬ್ರೋಷರಿನಲ್ಲಿ ಇಂಥದೇ ಬಾಯ್ಲರಿಗೆ ಶೇ 87 ಅಂತ ಬರೆದಿದ್ದರೆ ಅದು ಸುಳ್ಳು ಅಂತ ತೀರ್ಮಾನಿಸಬೇಡಿ. ಎನ್‌ಸಿವಿ (ನೀರು ಆವಿಯಾಗೋಕೆ ಹೋದ ಶಾಖ ಕಳೆದು ಉಳಿದದ್ದು) ಲೆಕ್ಕ ಹಾಕಿ: 2270ರಿಂದ (0.2925 ಕೂಡಿಸು 0.5) ಗುಣಿಸು 584 ಕಳೆದರೆ ಸುಮಾರು 1807. ಹಬೆಗೆ ಹೋದ ಶಾಖ ಅಷ್ಟೇ, 1572. ಅದನ್ನು 2270ಕ್ಕೆ ಭಾಗಿಸಿದರೆ 69, 1807ಕ್ಕೆ ಭಾಗಿಸಿದರೆ 87. ಬಾಯ್ಲರ್ ಒಂದೇ, ಬುಡ ಬೇರೆ. ಪ್ರಶ್ನೆಯಲ್ಲಿ ಯಾವ ಬುಡ ಕೇಳಿದ್ದಾರೆ ಅನ್ನೋದನ್ನ ಉತ್ತರದ ಮೊದಲ ಸಾಲಲ್ಲೇ ಬರೆದು ಅಡಿಗೆರೆ ಎಳೆದುಬಿಡಿ. ಮೌಲ್ಯಮಾಪಕರಿಗೂ ಗೊತ್ತಾಗುತ್ತೆ, ನಿಮಗೂ ದಾರಿ ತಪ್ಪಲ್ಲ.

ಕೊನೇಲಿ ಒಂದು ಕೈಗುರುತು: ದಕ್ಷತೆ 69 ಆದರೆ 67 ಕೆ.ಜಿ. ಪ್ರೆಷರ್, 495 ಡಿಗ್ರಿ ಹಬೆ, 105 ಡಿಗ್ರಿ ಫೀಡ್ ವಾಟರಿಗೆ ಕೆ.ಜಿ. ಬಗಾಸಿಗೆ ಸುಮಾರು 2.2 ಕೆ.ಜಿ. ಹಬೆ ಬರಬೇಕು. ನಿಮ್ಮ ಉತ್ತರ 3 ಅಥವಾ 1.5 ಅಂತ ಬಂದರೆ ಪೆನ್ನು ಕೆಳಗಿಟ್ಟು ಮೇಲಿಂದ ಓದಿ.

ಎಚ್‌ಟಿ_ಮೀಟರ್_ಮೈಸೂರು

ಮೇಲಿನವರು ಹೇಳಿದ "ಬುಡ" ಅನ್ನೋ ಮಾತೇ ಪೇಪರ್ 3ಕ್ಕೂ (ಎಲೆಕ್ಟ್ರಿಕಲ್) ಸಾಕು. ಮೆಕ್ಯಾನಿಕಲ್‌ನವರು ಥ್ರೀ ಫೇಸ್ ನೋಡಿ ಹೆದರ್ತಾರೆ. ನಿಜವಾಗಿ ಅಂಕ ಹೋಗೋದು ಅಲ್ಲಲ್ಲ, ಕಿಲೋವ್ಯಾಟ್ ಅಂದರೆ ಯಾವ ಕಿಲೋವ್ಯಾಟ್ ಅಂತ ಕೇಳಿಕೊಳ್ಳದೇ ಇರೋದರಲ್ಲಿ.

ಮೋಟರ್ ನೇಮ್‌ಪ್ಲೇಟಿನ 37 ಕಿಲೋವ್ಯಾಟ್ ಶಾಫ್ಟಿನಲ್ಲಿ ಸಿಗೋ ಔಟ್‌ಪುಟ್. ನಿಮ್ಮ ಪವರ್ ಅನಲೈಸರ್ ತೋರಿಸೋ 28 ಕಿಲೋವ್ಯಾಟ್ ಕೇಬಲ್ಲಿನಲ್ಲಿ ಹೋಗ್ತಿರೋ ಇನ್‌ಪುಟ್. ಎರಡನ್ನೂ ನೇರ ಭಾಗಿಸಿ "ಲೋಡಿಂಗ್ ಶೇ 75.7" ಅಂತ ಬರೆದವರ ಉತ್ತರಪತ್ರಿಕೆ ಎಷ್ಟೋ. ದಕ್ಷತೆ ಶೇ 92 ಆದರೆ 28 ಗುಣಿಸು 0.92 ಭಾಗಿಸು 37, ಶೇ 69.6. ಆಂಪಿಯರ್ ಅನುಪಾತದಿಂದ ಲೋಡಿಂಗ್ ಹೇಳೋಕೂ ಹೋಗಬೇಡಿ. ಅರ್ಧ ಲೋಡಿಗಿಂತ ಕೆಳಗೆ ಪವರ್ ಫ್ಯಾಕ್ಟರ್ (ಕಿಲೋವ್ಯಾಟ್ ಭಾಗಿಸು ಕೆವಿಎ) ಕುಸಿಯುತ್ತೆ, ಮ್ಯಾಗ್ನೆಟೈಸಿಂಗ್ ಕರೆಂಟ್ ಹಾಗೇ ಉಳಿಯುತ್ತೆ, ಹಾಗಾಗಿ ಆಂಪಿಯರ್ ಇಳಿಯೋದು ಲೋಡ್ ಇಳಿದಷ್ಟು ಇರಲ್ಲ.

ಕೆಪ್ಯಾಸಿಟರ್ ಲೆಕ್ಕ ಪ್ರತಿ ಸಲ ಒಂದಲ್ಲ ಒಂದು ರೂಪದಲ್ಲಿ ಬರುತ್ತೆ ಅಂತಲೇ ಇಟ್ಕೊಳ್ಳಿ. 800 ಕಿಲೋವ್ಯಾಟ್ ಲೋಡ್, ಪವರ್ ಫ್ಯಾಕ್ಟರ್ 0.80ರಿಂದ 0.95ಕ್ಕೆ. ಟ್ಯಾನ್ ಬೆಲೆ 0.75ರಿಂದ 0.3287 ಕಳೆದರೆ 0.4213, ಗುಣಿಸು 800, ಸುಮಾರು 337 ಕೆವಿಎಆರ್ ಕೆಪ್ಯಾಸಿಟರ್ ಬೇಕು. ಕೆವಿಎ 1000ದಿಂದ 842ಕ್ಕೆ ಇಳಿಯುತ್ತೆ. ಸೆಸ್ಕ್ (ನಮ್ಮ ಕಡೆಯ ವಿದ್ಯುತ್ ಕಂಪನಿ) ಎಚ್‌ಟಿ (ಹೈ ಟೆನ್ಶನ್) ಬಿಲ್ಲಿನಲ್ಲಿ ಡಿಮ್ಯಾಂಡ್ ಕೆವಿಎಯಲ್ಲಿರೋದರಿಂದ ಆ 158 ಕೆವಿಎ ನೇರ ಬಿಲ್ಲಿನಲ್ಲಿ ಕಾಣುತ್ತೆ. ಇದರ ಹಿಂದೆಯೇ ಒಂದು ಗಾಳ ಇರುತ್ತೆ: "ಕೆಪ್ಯಾಸಿಟರನ್ನು ಮೇನ್ ಪ್ಯಾನಲ್ಲಿನಲ್ಲಿ ಹಾಕಿದರೆ ಫ್ಯಾಕ್ಟರಿ ಒಳಗಿನ ಕೇಬಲ್ ನಷ್ಟ ಎಷ್ಟು ಕಡಿಮೆಯಾಗುತ್ತೆ?" ಉತ್ತರ ಸೊನ್ನೆ. ಕೆಪ್ಯಾಸಿಟರ್ ಕೂತ ಜಾಗದಿಂದ ಸಪ್ಲೈ ಕಡೆಗೆ ಮಾತ್ರ ಕರೆಂಟ್ ಇಳಿಯೋದು. ಮೋಟರ್ ಕಡೆಯ ಕೇಬಲ್ಲಿನಲ್ಲಿ ಮೊದಲಿನಷ್ಟೇ ಕರೆಂಟ್ ಹರೀತಿರುತ್ತೆ. ಕೇಬಲ್ ನಷ್ಟ ಇಳೀಬೇಕು ಅಂದರೆ ಮೋಟರ್ ಟರ್ಮಿನಲ್ಲಿಗೇ ಹೋಗಿ ಹಾಕಬೇಕು.

ಕಂಪ್ರೆಸರ್ ಲೀಕೇಜ್ ಟೆಸ್ಟ್: ಗಾಳಿ ಬಳಸೋ ಯಂತ್ರಗಳೆಲ್ಲ ನಿಂತಿರಬೇಕು. ಲೋಡ್ 1.5 ನಿಮಿಷ, ಅನ್‌ಲೋಡ್ 8.5 ನಿಮಿಷ ಆದರೆ ಲೀಕೇಜ್ 1.5 ಭಾಗಿಸು 10, ಶೇ 15. 20 ಕ್ಯೂಬಿಕ್ ಮೀಟರ್ ಕಂಪ್ರೆಸರ್ ಆದರೆ ನಿಮಿಷಕ್ಕೆ 3 ಸೋರ್ತಿದೆ. ಒಟ್ಟು ಸಮಯಕ್ಕೆ ಭಾಗಿಸೋ ಬದಲು 8.5ಕ್ಕೆ ಭಾಗಿಸಿ 17.6 ಅಂತ ಬರೆಯೋದು ತೀರಾ ಸಾಮಾನ್ಯ ತಪ್ಪು.

ಕೂಲಿಂಗ್ ಟವರ್ ನಿಮಗೆ ಗೊತ್ತಿರೋದೇ. ಎವಾಪರೇಶನ್ 0.00085 ಗುಣಿಸು 1.8 ಗುಣಿಸು ನೀರಿನ ಹರಿವು ಗುಣಿಸು ರೇಂಜ್ (ಟವರಿನಲ್ಲಿ ನೀರು ಎಷ್ಟು ಡಿಗ್ರಿ ತಣಿಯಿತು). ಗಂಟೆಗೆ 1000 ಕ್ಯೂಬಿಕ್ ಮೀಟರ್, ರೇಂಜ್ 8 ಆದರೆ 12.24. ಸೈಕಲ್ಸ್ ಆಫ್ ಕಾನ್ಸಂಟ್ರೇಶನ್ (ನೀರಿನ ಲವಣ ಎಷ್ಟು ಪಟ್ಟು ಗಟ್ಟಿಯಾಯ್ತು) 3 ಆದರೆ ಬ್ಲೋಡೌನ್ (ಹೊರಬಿಡೋ ನೀರು) ಎವಾಪರೇಶನ್ನಿನ ಅರ್ಧ, 6.12. ಮೂರಕ್ಕೆ ಭಾಗಿಸಬೇಡಿ, ಒಂದು ಕಳೆದು ಎರಡಕ್ಕೆ ಭಾಗಿಸಿ.

ಕೋಜೆನ್_ಮಂಡ್ಯ

ತುಂಬಾ ಉಪಕಾರ ಆಯ್ತು ಸರ್. ಬಗಾಸ್ ಲೆಕ್ಕ ಎರಡೂ ದಾರಿಯಲ್ಲಿ ಮಾಡಿದೆ, 5.62 ಬಂತು. ಪೇಪರ್ 3ರಲ್ಲಿ ಇನ್ನೊಂದು ಸಂದೇಹ. ಪಂಪಿಗೆ ವಿಎಫ್‌ಡಿ (ಮೋಟರ್ ವೇಗ ಬದಲಿಸೋ ಡ್ರೈವ್) ಹಾಕಿ 50 ಹರ್ಟ್ಸಿಂದ 40ಕ್ಕೆ ಇಳಿಸಿದರೆ ಪವರ್ 0.8ರ ಘನ, ಅಂದರೆ ಶೇ 51.2 ಆಗುತ್ತೆ ಅಂತ ಬರೆದೆ. ಉತ್ತರದಲ್ಲಿ "ಈ ಸಿಸ್ಟಮ್‌ಗೆ ಅಫಿನಿಟಿ ಲಾ ನೇರವಾಗಿ ಅನ್ವಯಿಸದು" ಅಂತಿದೆ, ಅಂದರೆ ಪವರ್ ವೇಗದ ಘನದಷ್ಟು ಇಳಿಯುತ್ತೆ ಅನ್ನೋ ಆ ನಿಯಮ. ಯಾಕೆ?

ಎಚ್‌ಟಿ_ಮೀಟರ್_ಮೈಸೂರು

ಪ್ರಶ್ನೆಯಲ್ಲಿ ಸ್ಟ್ಯಾಟಿಕ್ ಹೆಡ್ ಕೊಟ್ಟಿರ್ತಾರೆ ನೋಡಿ, ಅದನ್ನು ನೀವು ಬಿಟ್ಟಿದ್ದೀರಿ.

ಪಂಪ್ 40 ಮೀಟರ್ ಹೆಡ್‌ನಲ್ಲಿ ಕೆಲಸ ಮಾಡ್ತಿದೆ. ಅದರಲ್ಲಿ 30 ಮೀಟರ್ ಬರೀ ಎತ್ತರ, 10 ಮೀಟರ್ ಪೈಪಿನ ಘರ್ಷಣೆ ಅಂದುಕೊಳ್ಳಿ. ವೇಗ ಇಳಿಸಿದರೆ ಘರ್ಷಣೆ ಇಳಿಯುತ್ತೆ. ಓವರ್‌ಹೆಡ್ ಟ್ಯಾಂಕ್ ಕೆಳಗೆ ಬರುತ್ತಾ? ಇಲ್ಲ, 30 ಮೀಟರ್ 30 ಮೀಟರೇ. ಈಗ ಪಂಪಿನ ಶಟ್‌ಆಫ್ ಹೆಡ್ (ಹರಿವು ಸೊನ್ನೆ ಇದ್ದಾಗಿನ ಗರಿಷ್ಠ ಹೆಡ್) 50 ಮೀಟರ್ ಇದ್ದರೆ 40 ಹರ್ಟ್ಸ್‌ನಲ್ಲಿ ಅದು 0.64 ಪಟ್ಟು, ಅಂದರೆ 32 ಮೀಟರ್ ಆಗುತ್ತೆ. 30 ಮೀಟರ್ ಮೇಲೆತ್ತೋಕೆ 32 ಮೀಟರ್ ಪಂಪ್. ಹರಿವು ಶೇ 80ಕ್ಕೆ ಇಳಿಯೋದಲ್ಲ, ಸೊನ್ನೆಯ ಹತ್ತಿರಕ್ಕೆ ಬರುತ್ತೆ. ಇನ್ನೆರಡು ಹರ್ಟ್ಸ್ ಇಳಿಸಿ 38ಕ್ಕೆ ತಂದರೆ ಶಟ್‌ಆಫ್ ಹೆಡ್ 29 ಮೀಟರಿಗೆ ಬಂತು, ನೀರು ಮೇಲಕ್ಕೇ ಹೋಗಲ್ಲ. ಪಂಪ್ ಒಳಗೇ ನೀರನ್ನು ಕಡೀತಾ ಬಿಸಿಯಾಗುತ್ತೆ.

ಅಫಿನಿಟಿ ಲಾ ತಪ್ಪಲ್ಲ. ಅದು ಪಂಪ್ ಕರ್ವಿನ ಒಂದು ಬಿಂದುವನ್ನು ಇನ್ನೊಂದು ಬಿಂದುವಿಗೆ ಒಯ್ಯುತ್ತೆ ಅಷ್ಟೇ. ಆ ಬಿಂದುವಿನಲ್ಲೇ ಸಿಸ್ಟಮ್ ನಿಲ್ಲಬೇಕಾದರೆ ಹೆಡ್ಡೆಲ್ಲ ಘರ್ಷಣೆಯದೇ ಆಗಿರಬೇಕು. ಮುಚ್ಚಿದ ಚಿಲ್ಡ್ ವಾಟರ್ ಲೂಪ್, ಫ್ಯಾನ್ ಡಕ್ಟ್ ಇವುಗಳಿಗೆ ಧೈರ್ಯವಾಗಿ ಘನ ಹಾಕಿ. ನೀರನ್ನು ಎತ್ತರಕ್ಕೆ ಏರಿಸೋ ಪಂಪಿಗೆ ಹಾಕಬೇಡಿ. ಬಾಯ್ಲರ್ ಫೀಡ್ ಪಂಪಿಗೂ ಇದೇ ಮಾತು, ಅಲ್ಲಿ ಡ್ರಮ್ ಪ್ರೆಷರೇ ಸ್ಟ್ಯಾಟಿಕ್ ಹೆಡ್ ಥರ ಕೂತಿರುತ್ತೆ.

ಪಂಪ್ ದಕ್ಷತೆ ಕೇಳಿದಾಗ ಮೋಟರ್ ನಷ್ಟ ಕಳೆಯೋದು ಮರೀಬೇಡಿ. ಗಂಟೆಗೆ 180 ಕ್ಯೂಬಿಕ್ ಮೀಟರ್, 40 ಮೀಟರ್ ಹೆಡ್, ಹೈಡ್ರಾಲಿಕ್ ಪವರ್ 19.62 ಕಿಲೋವ್ಯಾಟ್. ಮೋಟರ್ ಇನ್‌ಪುಟ್ 30, ಮೋಟರ್ ದಕ್ಷತೆ 0.92, ಶಾಫ್ಟಿಗೆ ಬಂದದ್ದು 27.6. ಪಂಪ್ ದಕ್ಷತೆ ಶೇ 71. ನೇರ 30ಕ್ಕೆ ಭಾಗಿಸಿದರೆ ಬರೋ 65.4 ಪಂಪ್ ಮತ್ತು ಮೋಟರ್ ಎರಡೂ ಸೇರಿದ ದಕ್ಷತೆ. ಎರಡರಲ್ಲಿ ಯಾವುದನ್ನು ಕೇಳಿದ್ದಾರೆ ಅಂತ ಪ್ರಶ್ನೆಯನ್ನು ಎರಡು ಸಲ ಓದಿ.

ಹೂಟಗಳ್ಳಿ_ಯುಟಿಲಿಟಿ

ಪೇಪರ್ 4ರ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ. ಪುಸ್ತಕ ಇರುತ್ತಲ್ಲ ಅನ್ನೋ ಧೈರ್ಯದಲ್ಲೇ ಜನ ಕೆಡೋದು ಆ ಪೇಪರಿನಲ್ಲಿ. ಉಳಿದ ಮೂರು ಪೇಪರಿಗೆ ಮೂರು ಗಂಟೆ, 150 ಅಂಕ. ಇದಕ್ಕೆ ಎರಡೇ ಗಂಟೆ, 100 ಅಂಕ. ಆ ನೂರರಲ್ಲಿ 80 ಅಂಕ ತಲಾ 20ರ ನಾಲ್ಕು ದೊಡ್ಡ ಲೆಕ್ಕಗಳದ್ದು. ಲೆಕ್ಕಕ್ಕೆ 22 ನಿಮಿಷ ಅಂದರೂ 88 ನಿಮಿಷ ಅಲ್ಲೇ ಹೋಯ್ತು. ಪುಸ್ತಕ ತೆರೆದು ಓದಿ ಅರ್ಥ ಮಾಡಿಕೊಳ್ಳೋಕೆ ಸಮಯ ಎಲ್ಲಿದೆ? ಗೊತ್ತಿರೋ ಸೂತ್ರದ ಒಂದು ಸ್ಥಿರಾಂಕ ನೆನಪಿಗೆ ಬಾರದಿದ್ದಾಗ ಕಣ್ಣು ಹಾಯಿಸೋಕೆ ಮಾತ್ರ ಪುಸ್ತಕ.

ಹಾಗಾಗಿ ಪುಸ್ತಕವನ್ನು ಪರೀಕ್ಷೆಗೆ ಮುಂಚೆಯೇ ಪಳಗಿಸಿಕೊಳ್ಳಿ. ನಾಲ್ಕನೇ ಗೈಡ್ ಬುಕ್ಕಿನ ಪ್ರತಿ ಅಧ್ಯಾಯಕ್ಕೆ ಬಣ್ಣದ ಚೀಟಿ ಅಂಟಿಸಿ, ಅಧ್ಯಾಯದ ಹೆಸರಲ್ಲ, ಲೆಕ್ಕದ ಹೆಸರು ಬರೆಯಿರಿ: "ಫರ್ನೇಸ್ ಹೀಟ್ ಬ್ಯಾಲೆನ್ಸ್", "ಹೀಟ್ ಎಕ್ಸ್‌ಚೇಂಜರ್", "ಕೋಜೆನ್ ಹೀಟ್ ರೇಟ್" (ಯೂನಿಟ್ ವಿದ್ಯುತ್ತಿಗೆ ಎಷ್ಟು ಶಾಖ), "ಚಿಲ್ಲರ್", "ಬಿಲ್ಡಿಂಗ್". ಸ್ಟೀಮ್ ಟೇಬಲ್ ಒಂದನ್ನೇ ಬಳಸಿ ಅಭ್ಯಾಸ ಮಾಡಿ, ಅದನ್ನೇ ಒಯ್ಯಿರಿ. ಕೆಲವು ಟೇಬಲ್ ಕಿಲೋಜೌಲ್, ಕೆಲವು ಕಿಲೋಕ್ಯಾಲರಿ. ಹೊಸ ಟೇಬಲ್ ಹಿಡಿದು ಕೂತರೆ 4.187ರಿಂದ ಗುಣಿಸಬೇಕಾ ಭಾಗಿಸಬೇಕಾ ಅನ್ನೋದರಲ್ಲೇ ಐದು ನಿಮಿಷ.

ಸ್ಟೀಮ್ ಟೇಬಲ್ಲಿನಲ್ಲೂ ಬುಡದ ಗೊಂದಲ ಇದೆ. ಗೇಜ್ ತೋರಿಸೋದು ಗೇಜ್ ಪ್ರೆಷರ್, ಟೇಬಲ್ಲಿನಲ್ಲಿರೋದು ಅಬ್ಸಲ್ಯೂಟ್. 10 ಬಾರ್ ಗೇಜ್ ಅಂದರೆ ಟೇಬಲ್ಲಿನಲ್ಲಿ 11 ಬಾರ್ ಸಾಲು. ಹಬೆಯ ಟೆಂಪರೇಚರ್ 180 ಡಿಗ್ರಿ ಅಲ್ಲ, 184 ಡಿಗ್ರಿ.

ಹೀಟ್ ಎಕ್ಸ್‌ಚೇಂಜರಿನಲ್ಲಿ ಲೆಕ್ಕಕ್ಕಿಂತ ಮೊದಲು ಎರಡು ಬಾಣ ಬರೆಯಿರಿ, ಬಿಸಿದ್ರವ ಒಂದು ಕಡೆ, ತಣ್ಣಗಿನದು ಇನ್ನೊಂದು ಕಡೆ. ಬಿಸಿ 90ರಿಂದ 60, ತಣ್ಣಗಿನದು 30ರಿಂದ 50. ಕೌಂಟರ್ ಫ್ಲೋ ಆದರೆ ತುದಿಗಳ ವ್ಯತ್ಯಾಸ 40 ಮತ್ತು 30, ಎಲ್‌ಎಮ್‌ಟಿಡಿ (ಲಾಗ್ ಲೆಕ್ಕದ ಸರಾಸರಿ ವ್ಯತ್ಯಾಸ) 34.8. ಪ್ಯಾರಲಲ್ ಫ್ಲೋ ಆದರೆ 60 ಮತ್ತು 10, ಎಲ್‌ಎಮ್‌ಟಿಡಿ 27.9. ಬಾಣ ಬರೆಯದವರು 90ರಿಂದ 30 ಕಳೆದುಕೊಂಡು ಹೋಗಿಬಿಡ್ತಾರೆ, ಆಮೇಲಿನ ಏರಿಯಾ, ಓವರ್‌ಆಲ್ ಕೋಎಫಿಶಿಯಂಟ್ ಎಲ್ಲ ಅದರ ಹಿಂದೆ ಕೊಚ್ಚಿ ಹೋಗುತ್ತೆ.

ಕೊನೆಯ 20 ಅಂಕದ ಪ್ರಶ್ನೆಯಲ್ಲಿ ಉದ್ಯಮ ಆಯ್ಕೆ ಇರುತ್ತೆ, ಥರ್ಮಲ್ ಪವರ್, ಸಿಮೆಂಟ್, ಟೆಕ್ಸ್‌ಟೈಲ್, ಬಿಲ್ಡಿಂಗ್ ಈ ಥರ, ಒಂದನ್ನು ಬರೆದರೆ ಸಾಕು. ಕೋಜೆನ್ ಮಂಡ್ಯ ಅವರೇ, ಟರ್ಬೈನ್ ಹೀಟ್ ರೇಟ್ ನಿಮಗೆ ದಿನನಿತ್ಯದ ಮಾತು, ಹಾಗಾಗಿ ಪವರ್ ಪ್ಲಾಂಟ್ ಆರಿಸಿಕೊಂಡು ಅದನ್ನೇ ಅರೆದು ಕುಡಿಯಿರಿ. ಎರಡನೇ ಆಯ್ಕೆಯಾಗಿ ಬಿಲ್ಡಿಂಗ್ ಇಟ್ಟುಕೊಳ್ಳಿ. ಸಿಮೆಂಟ್ ಕಿಲ್ನ್ ಮುಟ್ಟೋಕೆ ಹೋಗಬೇಡಿ, ನಾಲ್ಕು ತಿಂಗಳಲ್ಲಿ ಅದಕ್ಕೆ ಸಮಯ ಸಾಲದು.

ಬರೆಯೋ ರೀತಿ ಬಗ್ಗೆಯೂ ಒಂದು ಮಾತು. ಪ್ರತಿ ಹಂತಕ್ಕೂ ಅಂಕ ಇರುತ್ತೆ. ಕ್ಯಾಲ್ಕ್ಯುಲೇಟರಿನಲ್ಲಿ ಪೂರ್ತಿ ಸರಪಳಿ ಒತ್ತಿ ಕೊನೇ ಅಂಕಿ ಮಾತ್ರ ಬರೆದರೆ, ಆ ಅಂಕಿ ತಪ್ಪಿದ ದಿನ 20ಕ್ಕೆ 20 ಹೋಯ್ತು. ಸೂತ್ರ ಒಂದು ಸಾಲು, ಬೆಲೆ ಹಾಕಿದ್ದು ಒಂದು ಸಾಲು, ಉತ್ತರ ಮತ್ತು ಯೂನಿಟ್ ಒಂದು ಸಾಲು. ಪ್ರೋಗ್ರಾಮೆಬಲ್ ಅಲ್ಲದ ಸೈಂಟಿಫಿಕ್ ಕ್ಯಾಲ್ಕ್ಯುಲೇಟರೇ ಒಯ್ಯಬೇಕು, ಈಗಿನಿಂದಲೇ ಅದರಲ್ಲೇ ಬೆರಳು ಪಳಗಲಿ.

ಎಚ್‌ಟಿ_ಮೀಟರ್_ಮೈಸೂರು

ಎಲ್ಲದಕ್ಕೂ ಒಪ್ಪಿದೆ, ಒಂದನ್ನು ಬಿಟ್ಟು. ಎರಡನೇ ಆಯ್ಕೆಗೆ ಬಿಲ್ಡಿಂಗ್ ಬೇಡ. ಚಿಲ್ಲರ್, ಏರ್ ಹ್ಯಾಂಡ್ಲಿಂಗ್ ಯೂನಿಟ್, ಸೈಕ್ರೋಮೆಟ್ರಿಕ್ ಚಾರ್ಟ್ ಎಲ್ಲ ಅದರೊಳಗೆ ಬರುತ್ತೆ, ಚಾರ್ಟಿನ ಮೇಲೆ ಗೆರೆ ಎಳೆದು ಎಂಥಾಲ್ಪಿ ಓದೋದು ಅಭ್ಯಾಸವಿಲ್ಲದ ಕೈಗೆ ಕಷ್ಟ. ಹಬೆ, ಒಣಗಿಸೋದು ಗೊತ್ತಿರೋರಿಗೆ ಟೆಕ್ಸ್‌ಟೈಲ್ ಸ್ಟೆಂಟರ್ (ಬಟ್ಟೆ ಒಣಗಿಸೋ ಯಂತ್ರ) ಹತ್ತಿರದ್ದು. ಒದ್ದೆ ಬಟ್ಟೆಯಿಂದ ಎಷ್ಟು ನೀರು ಹೋಯ್ತು, ಅದಕ್ಕೆ ಎಷ್ಟು ಶಾಖ ಬೇಕಿತ್ತು, ಕೊಟ್ಟದ್ದೆಷ್ಟು, ಅಷ್ಟೇ. ಬಗಾಸ್ ತೇವಾಂಶದ ಲೆಕ್ಕಕ್ಕೆ ಅಣ್ಣತಮ್ಮ ಇದ್ದ ಹಾಗೆ.

ಹೂಟಗಳ್ಳಿ_ಯುಟಿಲಿಟಿ

ಸರಿಯಾದ ಮಾತು, ಸ್ಟೆಂಟರೇ ಇರಲಿ. ಆದರೆ ಒಂದು ಟನ್ ರೆಫ್ರಿಜರೇಶನ್ ಗಂಟೆಗೆ 3024 ಕಿಲೋಕ್ಯಾಲರಿ ಅನ್ನೋದು, ಟನ್ನಿಗೆ ಎಷ್ಟು ಕಿಲೋವ್ಯಾಟ್ ಅನ್ನೋ ಲೆಕ್ಕ ಬಿಡೋ ಹಾಗಿಲ್ಲ, ಪೇಪರ್ 3ಕ್ಕೆ ಬೇಕು.

ಪೇಪರ್ 1ರ ಬಗ್ಗೆ ಚುಟುಕಾಗಿ. ಎನರ್ಜಿ ಕನ್ಸರ್ವೇಶನ್ ಆಕ್ಟ್ 2001ರದ್ದು, ಬಿಇಇ ಶುರುವಾದದ್ದು 2002ರ ಮಾರ್ಚ್ 1. ಸೆಕ್ಷನ್ 13 ಬ್ಯೂರೋ ಕೆಲಸ, 14 ಕೇಂದ್ರ ಸರ್ಕಾರದ ಅಧಿಕಾರ, 15 ರಾಜ್ಯದ್ದು, 26 ದಂಡ. ಕರ್ನಾಟಕದಲ್ಲಿ ರಾಜ್ಯದ ಗೊತ್ತುಪಡಿಸಿದ ಸಂಸ್ಥೆ ಕ್ರೆಡಲ್ (ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ). ಹಳೇ ನೋಟ್ಸ್ ಇಟ್ಟುಕೊಂಡು ಕೂರಬೇಡಿ, 2022ರ ತಿದ್ದುಪಡಿಯಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಸೇರಿದೆ. ಉಳಿದದ್ದು ಯೂನಿಟ್ ಪರಿವರ್ತನೆ: ಕಿಲೋವ್ಯಾಟ್ ಅವರ್ ಅಂದರೆ 860 ಕಿಲೋಕ್ಯಾಲರಿ, ಟನ್ ಆಫ್ ಆಯಿಲ್ ಈಕ್ವಿವಲೆಂಟ್ ಅಂದರೆ ಒಂದು ಕೋಟಿ ಕಿಲೋಕ್ಯಾಲರಿ. ಈ ಕೊನೇದನ್ನ ನಮ್ಮ ಭಾಷೆಯಲ್ಲಿ "ಕೋಟಿ" ಅಂತ ನೆನಪಿಟ್ಟುಕೊಂಡರೆ ಸೊನ್ನೆ ತಪ್ಪಲ್ಲ.

ಫೈನಾನ್ಸ್ ಲೆಕ್ಕದಲ್ಲಿ ಐಆರ್‌ಆರ್ (ಎನ್‌ಪಿವಿ, ಅಂದರೆ ನಿವ್ವಳ ಪ್ರಸ್ತುತ ಮೌಲ್ಯ, ಸೊನ್ನೆಯಾಗೋ ಬಡ್ಡಿದರ) ಇಂಟರ್‌ಪೊಲೇಶನ್ ಒಂದನ್ನು ಕೈಯಾರೆ ಮಾಡಿ ನೋಡಿ. 10 ಲಕ್ಷ ಹಾಕಿ ವರ್ಷಕ್ಕೆ 3 ಲಕ್ಷದಂತೆ 5 ವರ್ಷ ಉಳಿತಾಯ. ಶೇ 12ಕ್ಕೆ ಎನ್‌ಪಿವಿ ಪ್ಲಸ್ 0.81 ಲಕ್ಷ, ಶೇ 20ಕ್ಕೆ ಮೈನಸ್ 1.03 ಲಕ್ಷ. ಇವೆರಡರ ನಡುವೆ ಗೆರೆ ಎಳೆದರೆ ಶೇ 15.5 ಬರುತ್ತೆ. ಶೇ 15 ಮತ್ತು 16 ಹಿಡಿದು ಮಾಡಿದರೆ 15.24. ಎನ್‌ಪಿವಿ ಕರ್ವ್ ಬಾಗಿದೆ, ನೀವು ನೇರ ಗೆರೆ ಎಳೀತಿದ್ದೀರಿ, ಅದಕ್ಕೇ ಈ ವ್ಯತ್ಯಾಸ. ದರಗಳು ಹತ್ತಿರ ಇದ್ದಷ್ಟೂ ಒಳ್ಳೇದು.

ಮೂರು ಗಂಟೆಯ ಪೇಪರಿಗೆ ಸಮಯ: 50 ಒಂದಂಕದ ಪ್ರಶ್ನೆಗೆ 40 ನಿಮಿಷ, 5 ಅಂಕದ 8ಕ್ಕೆ 50 ನಿಮಿಷ, 10 ಅಂಕದ 6ಕ್ಕೆ 75 ನಿಮಿಷ, ಉಳಿದ 15 ತಿರುವಿ ನೋಡೋಕೆ. ಪ್ರತಿ ಪೇಪರಿನಲ್ಲೂ ಶೇ 50 ಬೇಕು, ಒಂದರಲ್ಲಿ 120 ತೆಗೆದು ಇನ್ನೊಂದರಲ್ಲಿ 70 ತೆಗೆದರೆ ಆಗಲ್ಲ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಉತ್ತರ ಸಮೇತ ಸಿಗುತ್ತವೆ. ಉತ್ತರ ಮುಚ್ಚಿಟ್ಟು, ಗಡಿಯಾರ ಎದುರಿಗಿಟ್ಟು ಬರೆಯಿರಿ. ಶನಿವಾರ ಎರಡು, ಭಾನುವಾರ ಎರಡು ಅಂತ ಒಮ್ಮೆಯಾದರೂ ನಾಲ್ಕನ್ನೂ ಬೆನ್ನುಬೆನ್ನಿಗೆ ಬರೆದು ನೋಡಿ. ದಿನಕ್ಕೆ ಐದಾರು ಗಂಟೆ ಬರೆಯೋ ಕೈ ಶಾಲೆ ಬಿಟ್ಟಮೇಲೆ ನಮಗೆ ಯಾರಿಗೂ ಉಳಿದಿರಲ್ಲ.

ನಾಲ್ಕು ತಿಂಗಳನ್ನು ಸಮ ಪಾಲು ಮಾಡಬೇಡಿ. ನೀವು ಮೆಕ್ಯಾನಿಕಲ್, ಹಾಗಾಗಿ ಪೇಪರ್ 3ಕ್ಕೆ ಆರು ವಾರ, ಪೇಪರ್ 2ಕ್ಕೆ (ಥರ್ಮಲ್) ನಾಲ್ಕು, ಪೇಪರ್ 1ಕ್ಕೆ ಎರಡು, ಉಳಿದದ್ದು ಪೇಪರ್ 4 ಮತ್ತು ಹಳೇ ಪತ್ರಿಕೆಗೆ. ಕ್ರಷಿಂಗ್ ಸೀಸನ್ ಶುರುವಾದರೆ ರಾತ್ರಿ ಶಿಫ್ಟಿನ ಮಾರನೇ ದಿನ ದೊಡ್ಡ ಲೆಕ್ಕ ಹಿಡಿಯಬೇಡಿ, ಒಂದಂಕದ ಪ್ರಶ್ನೆ ಮಾತ್ರ ನೋಡಿ.

ಕೋಜೆನ್_ಮಂಡ್ಯ

ಎಲ್ಲ ಬರೆದುಕೊಂಡೆ. ಅಭ್ಯಾಸಕ್ಕೆ ಅಂತ ನಮ್ಮ ಬಾಯ್ಲರಿನದೇ ಅಂಕಿ ಹಾಕಿ ಮಾಡೋಕೆ ಹೊರಟೆ. ಡಿಸಿಎಸ್ (ಕಂಟ್ರೋಲ್ ರೂಮಿನ) ಸ್ಕ್ರೀನಿನಲ್ಲಿ ಎಕಾನಮೈಸರ್ (ಫೀಡ್ ವಾಟರ್ ಬಿಸಿ ಮಾಡೋ ಭಾಗ) ಔಟ್‌ಲೆಟ್ ಆಕ್ಸಿಜನ್ 4.5, ಏರ್ ಪ್ರೀಹೀಟರ್ (ಒಳಬರೋ ಗಾಳಿ ಬಿಸಿ ಮಾಡೋ ಭಾಗ) ಔಟ್‌ಲೆಟ್ ಟೆಂಪರೇಚರ್ 150. ಇವೆರಡನ್ನೂ ಸೂತ್ರಕ್ಕೆ ಹಾಕಿದರೆ ಒಣ ಫ್ಲೂ ಗ್ಯಾಸ್ ನಷ್ಟ ಐದಕ್ಕಿಂತ ಕಡಿಮೆ ಬರುತ್ತೆ. ಇದನ್ನು ನಂಬಬಹುದಾ?

ಪಾಂಡವಪುರ_ಬಾಯ್ಲರ್‌ಮನೆ

ನಂಬಬೇಡಿ. ಎರಡು ಕಡೆ ತಪ್ಪಿದೆ, ಎರಡೂ ನಷ್ಟವನ್ನು ಕಡಿಮೆ ಮಾಡಿ ತೋರಿಸೋ ತಪ್ಪುಗಳೇ.

ಮೊದಲನೇದು, ಡಕ್ಟಿನೊಳಗೇ ಕೂತಿರೋ ಜಿರ್ಕೋನಿಯಾ ಪ್ರೋಬ್ (ಆಕ್ಸಿಜನ್ ಅಳೆಯೋ ಸಾಧನ) ನೀರಾವಿಯೂ ಸೇರಿದ ಗ್ಯಾಸಿನಲ್ಲಿ ಆಕ್ಸಿಜನ್ ಎಷ್ಟು ಅಂತ ಹೇಳುತ್ತೆ. ಎಕ್ಸೆಸ್ ಏರ್ ಸೂತ್ರದ "21 ಕಳೆ ಆಕ್ಸಿಜನ್" ಒಣ ಗ್ಯಾಸಿನದು. ಕಲ್ಲಿದ್ದಲಿಗೆ ವ್ಯತ್ಯಾಸ ಸಣ್ಣದು. ಬಗಾಸ್ ಗ್ಯಾಸಿನಲ್ಲಿ ಕಾಲುಭಾಗ ನೀರಾವಿ. ಮೇಲಿನ ಲೆಕ್ಕದಲ್ಲೇ ನೋಡಿ: ಇಂಧನ, ಹೈಡ್ರೋಜನ್, ಗಾಳಿ ಎಲ್ಲದರ ನೀರು ಸೇರಿ 0.866 ಕೆ.ಜಿ. ಅದನ್ನು 18ಕ್ಕೆ ಭಾಗಿಸಿದರೆ 48 ಮೋಲ್. ಒಣ ಗ್ಯಾಸ್ 140 ಮೋಲ್. 188ರಲ್ಲಿ 48, ಅಂದರೆ ಶೇ 25.6. ಹಾಗಾಗಿ ನಿಮ್ಮ 4.5ನ್ನು 0.744ಕ್ಕೆ ಭಾಗಿಸಿ, ಸುಮಾರು 6 ಬಂತು. ಎಕ್ಸೆಸ್ ಏರ್ ನೀವು ಅಂದುಕೊಂಡ 27 ಅಲ್ಲ, 40. ಗ್ಯಾಸನ್ನು ಹೊರಗೆಳೆದು ತಣಿಸಿ ಅಳೆಯೋ ಪೋರ್ಟಬಲ್ ಅನಲೈಸರಿನಲ್ಲಿ ನೇರ ಒಣ ಅಂಕಿಯೇ ಬರುತ್ತೆ, ಅದನ್ನು ಮತ್ತೆ ಭಾಗಿಸಬೇಡಿ.

ಎರಡನೇದು, ಆಕ್ಸಿಜನ್ ಒಂದು ಜಾಗದ್ದು, ಟೆಂಪರೇಚರ್ ಇನ್ನೊಂದು ಜಾಗದ್ದು. ನಡುವೆ ಏರ್ ಪ್ರೀಹೀಟರ್ ಇದೆ. ಅದರ ಟ್ಯೂಬ್ ತೂತಾಗಿದ್ದರೆ ತಣ್ಣಗಿನ ಗಾಳಿ ಫ್ಲೂ ಗ್ಯಾಸಿಗೆ ನುಗ್ಗಿ ಟೆಂಪರೇಚರ್ ಇಳಿಸುತ್ತೆ, ಗ್ಯಾಸಿನ ತೂಕ ಏರಿಸುತ್ತೆ. ನೀವು ಇಳಿದ ಟೆಂಪರೇಚರ್ ತಗೊಂಡಿರಿ, ಏರಿದ ತೂಕ ಬಿಟ್ಟಿರಿ. ಎರಡನ್ನೂ ಪ್ರೀಹೀಟರ್ ಔಟ್‌ಲೆಟ್ಟಿನಲ್ಲೇ ಅಳೆಯಿರಿ.

ಅಲ್ಲಿ ಅಳೆದಾಗ ಒಣ ಆಕ್ಸಿಜನ್ 8 ಅಂತ ಬಂದರೆ ಲೀಕೇಜ್ ಹೀಗೆ: 8 ಕಳೆ 6, ಭಾಗಿಸು 21 ಕಳೆ 8, ಗುಣಿಸು 90. ಶೇ 13.8. ಟ್ಯೂಬುಲರ್ ಪ್ರೀಹೀಟರಿಗೆ ಅಷ್ಟು ಬರಕೂಡದು. ಸೀಸನ್ ಮುಗಿದ ಮೇಲೆ ಬಾಯ್ಲರ್ ನಿಂತಾಗ ಎಫ್‌ಡಿ ಫ್ಯಾನ್ (ಬಾಯ್ಲರಿಗೆ ಗಾಳಿ ಊದೋದು) ಹಾಕಿ, ಗ್ಯಾಸ್ ಬರೋ ಕಡೆಯ ಟ್ಯೂಬ್ ಬಾಯಿಗಳ ಹತ್ತಿರ ತೆಳು ಪ್ಲಾಸ್ಟಿಕ್ ಪಟ್ಟಿ ಹಿಡಿದು ನೋಡಿ. ಪಟ್ಟಿ ಹೊರಕ್ಕೆ ಹಾರಿದ ಟ್ಯೂಬ್ ತೂತಾಗಿದೆ, ಎರಡೂ ಬಾಯಿಗೆ ಪ್ಲಗ್ ಹೊಡೆಸಿ. ತಣ್ಣಗಿನ ಗಾಳಿ ಒಳಬರೋ ಕಡೆಯ ಸಾಲುಗಳಿಂದ ಶುರು ಮಾಡಿ, ಅಲ್ಲಿ ನೀರು ಕಟ್ಟಿ ತುಕ್ಕು ಹಿಡಿಯೋದು ಮೊದಲು.